ಬೋರ್‌ವೆಲ್ ನೀರಿಗೆ ಒಗ್ಗುವ ಗುಂಪುಮೀನು ಯಾವುದು?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಮಾನ್ಯರೇ, ನಮ್ಮ ಪಡಸಾಲೆಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಗಾಜಿನ ತೊಟ್ಟಿಯಿದೆ. ಮರಳು ಹಾಕಿದ ಮೇಲೆ ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ಕಳೆದ ತಿಂಗಳು ತೊಟ್ಟಿ ತುಂಬಿಸಿದ ಮರುದಿನವೇ ಅಂಗಡಿಯವರ ಮಾತು ನಂಬಿ ಹನ್ನೆರಡು ನಿಯಾನ್ ಟೆಟ್ರಾಗಳನ್ನು ತಂದು ಬಿಟ್ಟೆ. ನಾಲ್ಕನೆಯ ಬೆಳಿಗ್ಗೆ ಎರಡು ಮೀನು ಫಿಲ್ಟರ್‌ನ ಬಾಯಿಗೆ ಅಂಟಿಕೊಂಡಿದ್ದವು. ಮೈಮೇಲಿನ ನೀಲಿ ಗೆರೆ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ವಾರ ತುಂಬುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ನಮ್ಮದು ಬೋರ್‌ವೆಲ್ ನೀರು, ಆರ್‌ಒ ಯಂತ್ರದ ದುರಸ್ತಿಗೆ ಬಂದವರು ಅಳೆದಾಗ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) 800 ದಾಟಿತ್ತು. ಈ ನೀರಿನಲ್ಲಿ, ನಮ್ಮೂರಿನ ಬೇಸಿಗೆಯಲ್ಲಿ, ಗುಂಪಾಗಿ ಈಜುತ್ತ ಬಾಳುವ ಗಟ್ಟಿ ಮೀನು ಯಾವುದೆಂದು ತಿಳಿದವರು ಹೇಳಬೇಕು. ಮಗಳಿಗೆ 'ಮಿಸ್ ಕೇರಳ' ಎಂಬ ಮೀನು ಬೇಕಂತೆ.

ಉತ್ತರ 1 (ಚಿತ್ರದುರ್ಗ)

ತಪ್ಪನ್ನು ನೀರಿನ ಗಡಸುತನವೊಂದರ ಮೇಲೆಯೇ ಹೊರಿಸಬೇಡಿ. ನಿಯಾನ್ ಅಮೆಜಾನ್ ಪ್ರದೇಶದ ಮೆದು, ತುಸು ಹುಳಿ ನೀರಿನ ಮೀನೆಂಬುದು ನಿಜ, ಆದರೆ ನಿಮ್ಮ ಮೀನುಗಳನ್ನು ಕೊಂದದ್ದು ಬಹುಮಟ್ಟಿಗೆ ಹೊಸ ತೊಟ್ಟಿಯ ಅಮೋನಿಯಾ. ಮೀನಿನ ಹಿಕ್ಕೆಯಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರ್‌ನ ಸ್ಪಾಂಜಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನೀರಿನ ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ. ಬೋರ್‌ವೆಲ್ ನೀರು ಸಾಮಾನ್ಯವಾಗಿ ಕ್ಷಾರೀಯವಾಗಿರುವುದರಿಂದ ಮೆದು ನೀರಿನವರಿಗಿಂತ ನಾವು ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ. ಪರಿಚಯದವರ ಹಳೆಯ ತೊಟ್ಟಿಯ ಸ್ಪಾಂಜೊಂದನ್ನು ತಂದು ನಿಮ್ಮ ಫಿಲ್ಟರ್‌ನಲ್ಲಿ ತುರುಕಿದರೆ ಕಾಯುವ ಅವಧಿ ಕಡಿಮೆಯಾಗುತ್ತದೆ.

ಇನ್ನು ಮೀನಿನ ಮಾತು. ನಾನು ಮೊದಲು ಹೇಳುವ ಹೆಸರು ಜೀಬ್ರಾ ಡೇನಿಯೊ. ಇದು ನಮ್ಮ ಉಪಖಂಡದ ಹೊಳೆ, ಗದ್ದೆ, ಕಾಲುವೆಗಳದೇ ಮೀನು, ಒಂದೂವರೆ ಎರಡು ಇಂಚಿಗಿಂತ ಬೆಳೆಯುವುದಿಲ್ಲ, ಚಳಿಗಾಲದ ರಾತ್ರಿಯ ತಂಪನ್ನೂ ಏಪ್ರಿಲ್‌ನ ಕಾವನ್ನೂ ತಾಳುತ್ತದೆ. ಆದರೆ ಎರಡು ಮೂರು ತಂದು ಬಿಟ್ಟರೆ ಬಲವಾದದ್ದು ಉಳಿದವನ್ನು ದಿನವಿಡೀ ಅಟ್ಟಾಡಿಸುತ್ತದೆ. ಎಂಟು ಹತ್ತು ಇದ್ದಾಗ ಆ ಕಿರುಕುಳ ಹಂಚಿಹೋಗುತ್ತದೆ. ನನ್ನ ತೊಟ್ಟಿಯಲ್ಲಿ ಬೆಳಿಗ್ಗೆ ದೀಪ ಹಾಕಿದ ಕೂಡಲೇ ಸಪೂರ ಮೈಯ, ಹೊಂಬಣ್ಣದ ಗಂಡುಗಳು ಉಬ್ಬು ಹೊಟ್ಟೆಯ ಹೆಣ್ಣುಗಳ ಹಿಂದೆ ಸುತ್ತುವುದನ್ನು ನೋಡುತ್ತ ನಿಂತರೆ ಕಾಫಿ ಆರಿಹೋಗಿರುತ್ತದೆ.

ಉತ್ತರ 2 (ನಿಟ್ಟುವಳ್ಳಿ, ದಾವಣಗೆರೆ)

ಡೇನಿಯೊ ಬಗ್ಗೆ ನನ್ನ ತಕರಾರಿಲ್ಲ, ಆದರೆ ಪಡಸಾಲೆಯ ಆಚೆ ತುದಿಯಿಂದ ಕಾಣುವ ಬಣ್ಣ ಬೇಕಾದರೆ ರೋಸಿ ಬಾರ್ಬ್ ನೋಡಿ. ಅದೂ ನಮ್ಮ ದೇಶದ್ದೇ, ಗಡಸು ನೀರಿಗೆ ಅಂಜುವುದಿಲ್ಲ. ಎರಡು ಅಡಿ ತೊಟ್ಟಿಗೆ ಆರು ಸಾಕು, ಮತ್ತು ಆಗ ಡೇನಿಯೊ ಬೇಡ. ಟೈಗರ್ ಬಾರ್ಬ್ ಕೂಡ ಗಟ್ಟಿ ಮೀನೇ. ಆದರೆ ಅದರೊಂದಿಗೆ ಗಪ್ಪಿ, ಏಂಜೆಲ್‌ನಂತಹ ಉದ್ದ ರೆಕ್ಕೆಯ ಮೀನಿಟ್ಟರೆ ರೆಕ್ಕೆಗಳು ಹರಿದ ಬಟ್ಟೆಯಾಗುತ್ತವೆ. ಬ್ಲ್ಯಾಕ್ ಸ್ಕರ್ಟ್ ಟೆಟ್ರಾ ಸಹ ಸಹಿಷ್ಣು ಮೀನು, ಆದರೆ ಅಂಗಡಿಯಲ್ಲಿ ಗುಲಾಬಿ, ನೀಲಿ ಬಣ್ಣ ಹಾಕಿಟ್ಟದ್ದನ್ನು ದಯವಿಟ್ಟು ಕೊಳ್ಳಬೇಡಿ. ಆ ಹಿಂಸೆಗೆ ನಾವೇ ಹಣ ಕೊಟ್ಟಂತಾಗುತ್ತದೆ.

ನಮ್ಮ ಮನೆಯಲ್ಲಿ ನಾನೇ ಮಾಡಿದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ನೀರು ಆವಿಯಾದಷ್ಟನ್ನು ಬೋರ್‌ವೆಲ್ ನೀರಿನಿಂದಲೇ ತುಂಬಿಸುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಸುಣ್ಣ ತೊಟ್ಟಿಯಲ್ಲೇ ಉಳಿಯುತ್ತದೆ. ಮೂರು ತಿಂಗಳಲ್ಲಿ ಗಾಜಿನ ಅಂಚಿಗೆ ಗೀಸರ್ ಕಾಯಿಲ್‌ಗೆ ಕಟ್ಟುವಂತಹ ಬಿಳಿ ಕರೆ ಕಟ್ಟಿತ್ತು. ಈಗ ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಅಷ್ಟೇ ಪ್ರಮಾಣದ ಹೊಸ ನೀರನ್ನು ಅರ್ಧ ಬೋರ್‌ವೆಲ್, ಅರ್ಧ ನಲ್ಲಿ ನೀರಾಗಿ ಬೆರೆಸಿ ಹಾಕುತ್ತೇನೆ. ನಲ್ಲಿ ನೀರಿಗೆ ಮಾತ್ರ ಆಂಟಿ ಕ್ಲೋರಿನ್ ಹನಿಗಳನ್ನು ಹಾಕುವುದನ್ನು ಮರೆಯಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಡೇನಿಯೊ ಎಂದು ನಿರ್ಧರಿಸಿದ್ದೇನೆ. ಮಿಸ್ ಕೇರಳ ಒಂದೆರಡನ್ನಾದರೂ ಜೊತೆಗೆ ಬಿಡಬಹುದೇ? ಕರೆಂಟ್ ಹೋದಾಗ ಏನು ಮಾಡುತ್ತೀರಿ?

ಉತ್ತರ 1 (ಚಿತ್ರದುರ್ಗ)

ಬೇಡ. ಮಿಸ್ ಕೇರಳ ಪಶ್ಚಿಮ ಘಟ್ಟದ ತಂಪಾದ, ರಭಸದ ಹೊಳೆಗಳ ಮೀನು. ನಾಲ್ಕೈದು ಇಂಚು ಬೆಳೆಯುತ್ತದೆ, ಅದಕ್ಕೂ ಗುಂಪು ಬೇಕು, ನಾಲ್ಕು ಅಡಿಗಿಂತ ಚಿಕ್ಕ ತೊಟ್ಟಿ ಸಾಲದು. ಮೇಲಾಗಿ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ.

ಕರೆಂಟ್ ವಿಷಯದಲ್ಲಿ ಬೇಸಿಗೆಯೇ ಕಷ್ಟ. 20 ಡಿಗ್ರಿಯ ನೀರು ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದು ಏಳೂವರೆಯಷ್ಟನ್ನು ಮಾತ್ರ ಹಿಡಿಯುತ್ತದೆ. ಆದ್ದರಿಂದ ಬ್ಯಾಟರಿಯ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ. ಅದಿಲ್ಲದ ದಿನ ನಾನು ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಒಂದಡಿ ಎತ್ತರದಿಂದ ಹತ್ತು ಹದಿನೈದು ಸಲ ಸುರಿಯುತ್ತೇನೆ. ತೊಟ್ಟಿಗೆ ಮುಚ್ಚಳ ಮಾಡಿಸಿ, ಡೇನಿಯೊ ಹಾರುತ್ತದೆ. ಗಾಳಿಯಾಡಲು ಬೆರಳಗಲ ಸಂದು ಬಿಡುವುದಾದರೆ ಅದಕ್ಕೆ ಸೊಳ್ಳೆ ಪರದೆಯ ತುಂಡು ಕಟ್ಟಿ.