ಮಾಡಿನ ಮೇಲೆ ಮರಳಿನ ಚೀಲ: ‘ಫ್ಲಾರಿಡಾ ಬಳಗ’ ಗುಂಪಿನಲ್ಲಿ ವಾದ

ಮಾವ: (ಫಾರ್ವರ್ಡ್) *ಹರಿಕೇನ್ ಸೀಸನ್‌ಗೆ ಮನೆಯ ಮಾಡನ್ನು (ಛಾವಣಿ) ಹೀಗೆ ಸಿದ್ಧಮಾಡಿ!!* 1) ಮಾಡಿನ ಅಂಚಿಗೆ ಸಾಲಾಗಿ ಮರಳಿನ ಚೀಲ ಇಡಿ. 2) ಶಿಂಗಲ್ (ಮಾಡಿಗೆ ಹೊದಿಸುವ ಡಾಂಬರಿನ ಬಿಲ್ಲೆ) ಅಂಚಿಗೆಲ್ಲ ಟಾರ್ ಧಾರಾಳವಾಗಿ ಬಳಿಯಿರಿ. 3) ಮೊದಲೇ ಟಾರ್ಪಾಲ್ ಹಾಸಿ ಮೊಳೆ ಹೊಡೆಯಿರಿ. 4) ಗಾಳಿ ಮರೆಯ ಕಡೆಯ ಕಿಟಕಿ ಅರ್ಧ ತೆರೆದಿಡಿ, ಒತ್ತಡ ಸಮವಾಗುತ್ತೆ. ಎಲ್ಲರಿಗೂ ಕಳಿಸಿ 🙏

ಮಾವ: ಸೀಸನ್ ಶುರುವಾಗೋ ಜೂನ್ 1 ಹತ್ರ ಬಂತು. ಎಲ್ಲರೂ ಈ ವಾರಾನೇ ಮಾಡಿ ಮುಗಿಸಿ.

ಭಾವ: ಮಾವ, ಬೇಜಾರು ಮಾಡ್ಕೋಬೇಡಿ. ಈ ನಾಲ್ಕರಲ್ಲಿ ಒಂದನ್ನೂ ಬರೆದ ಹಾಗೆ ಮಾಡಬಾರದು. ಎರಡನೇದರಲ್ಲಿ ಮಾತ್ರ ಅರ್ಧ ನಿಜ ಇದೆ.

ಮಾವ: ಏನ್ರೀ ಅಳಿಯಂದ್ರೇ, ತಗಡಿನ ಶೀಟಿನ ಮೇಲೆ ಊರಲ್ಲೆಲ್ಲ ಕಲ್ಲು ಹೇರ್ತಾರೆ. ಭಾರ ಇದ್ರೆ ಹಾರಲ್ಲ. ಇದಕ್ಕೂ ಇಂಜಿನಿಯರಿಂಗ್ ಬೇಕಾ?

ಭಾವ: ಲೆಕ್ಕ ನೋಡಿ. ಗಂಟೆಗೆ 130 ಮೈಲಿ, ಅಂದ್ರೆ ಕ್ಯಾಟಗರಿ 4 ಹರಿಕೇನ್ ಶುರುವಾಗೋ ವೇಗ. ಅದರ ವರ್ಗಕ್ಕೆ 0.00256 ಗುಣಿಸಿದ್ರೆ ಚದರ ಅಡಿಗೆ ಸುಮಾರು 43 ಪೌಂಡ್ ಒತ್ತಡ. ಮಾಡಿನ ಮೇಲೆ ಇದು ಮೇಲಕ್ಕೆ ಎಳೆಯುತ್ತೆ. ಶಿಂಗಲ್ ಅಡಿಯಲ್ಲಿರೋ 4×8 ಅಡಿಯ ಒಂದು ಪ್ಲೈವುಡ್ ಹಾಳೆಗೆ 1,380 ಪೌಂಡ್ ಆಯ್ತು. 40 ಪೌಂಡಿನ ಚೀಲ ಒಂದು ಹಾಳೆಗೇ 35 ಬೇಕು. ಮೂಲೆಗಳಲ್ಲಿ, ಸೂರಿನ ಅಂಚಲ್ಲಿ ಎಳೆತ ಇದರ ಎರಡು ಪಟ್ಟು ದಾಟುತ್ತೆ. ಟ್ರಸ್‌ಗಳ (ಮಾಡು ಹೊರೋ ಮರದ ಚೌಕಟ್ಟು) ಲೈವ್ ಲೋಡ್, ಅಂದ್ರೆ ಮೇಲೆ ಹೇರಬಹುದಾದ ಭಾರ, ಸಾಮಾನ್ಯವಾಗಿ ಚದರ ಅಡಿಗೆ 20 ಪೌಂಡ್. ಅಷ್ಟು ಚೀಲ ಹೇರಿದ್ರೆ ಗಾಳಿ ಬರೋ ತನಕ ಕಾಯೋದೇ ಬೇಡ.

ನಾನು: ಎರಡೇ ಚೀಲ ಇಟ್ರೆ ಅವು ಪಕ್ಕದ್ಮನೆ ಕಿಟಕಿಗೆ 😬

ಚಿಕ್ಕಪ್ಪ: ಚೀಲ ಬಿಡಿ. ಕಿಟಕಿ ತೆರೆಯೋದ್ರಲ್ಲಿ ತಪ್ಪೇನಿದೆ?

ಭಾವ: ಚಿಕ್ಕಪ್ಪ, ಹರಿಕೇನ್ ಗಾಳಿ ಸುತ್ತೋದು. ಕಣ್ಣು ದಾಟಿದ ಮೇಲೆ ದಿಕ್ಕು ತಿರುಗುತ್ತೆ, ಮರೆಯಲ್ಲಿದ್ದ ಕಿಟಕಿಗೇ ನೇರ ಹೊಡೆತ. ಒಳಗೆ ನುಗ್ಗಿದ ಗಾಳಿ ಕೆಳಗಿಂದ ತಳ್ಳುತ್ತೆ, ಹೊರಗಿನದ್ದು ಮೇಲಿಂದ ಎಳೆಯುತ್ತೆ. ಎರಡೂ ಸೇರಿದಾಗಲೇ ಮಾಡು ಕಳಚೋದು. ಗ್ಯಾರೇಜ್ ಬಾಗಿಲು ಗಾಳಿಗೆ ತಡೆಯೋದಾ ಅಂತ ನೋಡಿ ಅನ್ನೋದೂ ಇದಕ್ಕೇ. ಮನೆಯಲ್ಲಿ ಅದಕ್ಕಿಂತ ದೊಡ್ಡ ಕಿಂಡಿ ಇಲ್ಲ.

ಚಿಕ್ಕಪ್ಪ: ಹಾಗಾದ್ರೆ ಈ ಚಿಲ್ಲರೆ ಕೆಲಸ ಯಾಕೆ? ಹೊಸ ಶಿಂಗಲ್ ಹಾಕ್ಸಿ, ನಾಲ್ಕರ ಬದಲು ಆರು ಮೊಳೆ. ಮುಗೀತು.

ಭಾವ: ಶಿಂಗಲ್ ಮೇಲ್ಗಡೆ ಅಂಗಿ ಅಷ್ಟೇ. ಮೊದಲು ಟಾರ್ಚ್ ಹಿಡಿದು ಅಟ್ಟ ಹತ್ತಿ, ಬೆಳಿಗ್ಗೆ ಬೇಗ, ಆಮೇಲೆ ಒಳಗೆ ಕುಲುಮೆ. ಎರಡು ವಿಷಯ ನೋಡಿ. ಒಂದು, ಪ್ಲೈವುಡ್ ಮೊಳೆಗಳು ಟ್ರಸ್ ಮರಕ್ಕೆ ಇಳಿದಿವೆಯಾ, ಪಕ್ಕದಲ್ಲಿ ಬರಿದೇ ತೂಗಿ ಹೊಳೀತಿವೆಯಾ? ಪಕ್ಕದಲ್ಲಿ ಕಂಡ ಮೊಳೆ ಲೆಕ್ಕಕ್ಕಿಲ್ಲ. 1992ರ ಆಂಡ್ರ್ಯೂ ಹರಿಕೇನ್ ಆದ ಮೇಲೆ ಹಾಳೆ ಕಳಚಿದ ಮನೆಗಳಲ್ಲಿ ಇದೇ ಕಂಡಿದ್ದು, ಜೊತೆಗೆ ಬ್ರೇಸ್ (ಆಸರೆ ಮರ) ಇಲ್ಲದ ಗೇಬಲ್ ಗೋಡೆ, ಅಂದ್ರೆ ಮಾಡಿನ ತುದಿಯ ತ್ರಿಕೋನ ಗೋಡೆ. ಎರಡು, ಟ್ರಸ್ ಗೋಡೆಗೆ ಕೂರೋ ಕಡೆ ಲೋಹದ ಪಟ್ಟಿ ಇದೆಯಾ, ಬರೀ ಓರೆ ಮೊಳೆನಾ?

ಅಕ್ಕ: ಇದರಲ್ಲೇ ವಿಮೆ ದುಡ್ಡೂ ಇರೋದು. ಮನೆ ಗಾಳಿಗೆ ಎಷ್ಟು ತಡೆಯುತ್ತೆ ಅಂತ ವಿಮೆಗೆ ಕೊಡೋ ವಿಂಡ್ ಮಿಟಿಗೇಶನ್ ಫಾರ್ಮ್ 1802ರಲ್ಲಿ ಓರೆ ಮೊಳೆ, ಕ್ಲಿಪ್ (ಟ್ರಸ್ ಪಕ್ಕಕ್ಕೆ ಹೊಡೆಯೋ ಲೋಹದ ತುಂಡು), ಟ್ರಸ್ ಮೇಲಿಂದ ಸುತ್ತೋ ಪಟ್ಟಿಯ ಸಿಂಗಲ್ ರ‍್ಯಾಪ್, ಡಬಲ್ ರ‍್ಯಾಪ್ ಅಂತ ಮೆಟ್ಟಿಲಿವೆ. ಕ್ಲಿಪ್‌ಗೆ ಕನಿಷ್ಠ ಮೂರು ಮೊಳೆ ಬೇಕು. ಎರಡೇ ಇದ್ರೆ ಇನ್‌ಸ್ಪೆಕ್ಟರ್ ಅದನ್ನ ಓರೆ ಮೊಳೆ ಅಂತಲೇ ಬರೀತಾರೆ. ಒಂದೊಂದು ಮೊಳೆ ಸೇರಿಸೋಕೆ ಒಂದು ಬೆಳಿಗ್ಗೆ ಸಾಕು, ಕಂತಿನಲ್ಲಿ ರಿಯಾಯಿತಿ ಪ್ರತಿವರ್ಷ.

ಭಾವ: ಮೊಳೆ ತಪ್ಪಿದ ಕಡೆ ಎಎಫ್‌ಜಿ-01 ದರ್ಜೆಯ ಕನ್‌ಸ್ಟ್ರಕ್ಷನ್ ಅಂಟು. ಪ್ಲೈವುಡ್ಡೂ ಟ್ರಸ್ಸೂ ಕೂಡೋ ಸಂದಿಯಲ್ಲಿ ಎರಡೂ ಪಕ್ಕ ಕಾಲಿಂಚು ದಪ್ಪದ ಗೆರೆ. 28 ಔನ್ಸಿನ ಟ್ಯೂಬ್ ಸುಮಾರು 85 ಅಡಿ ಬರುತ್ತೆ. ಎರಡು ಪಕ್ಕ ಅಂದ್ರೆ ಟ್ರಸ್ ಉದ್ದ 42 ಅಡಿಗೆ ಒಂದು ಟ್ಯೂಬ್ ಅಂತ ಲೆಕ್ಕ ಇಟ್ಕೊಳ್ಳಿ.

ಚಿಕ್ಕಪ್ಪ: ಇದಕ್ಕೆ ನಾನು ಒಪ್ಪಲ್ಲ. ನಾಳೆ ಪ್ಲೈವುಡ್ ಕೊಳೆತ್ರೆ ಅಂಟು ಹಾಕಿದ್ದನ್ನ ಕೀಳೋರು ಯಾರು? ಟ್ರಸ್ ಮರಾನೇ ಸಿಬಿರು ಎದ್ದು ಬರುತ್ತೆ.

ಭಾವ: ಒಪ್ಪಿದೆ, ಅದು ನಿಜ. ಒಂದೆರಡು ವರ್ಷದಲ್ಲಿ ಮಾಡು ಬದಲಿಸೋರು ಅಂಟು ಬಿಡಿ. ಶಿಂಗಲ್ ಕಿತ್ತ ದಿನವೇ ಪ್ಲೈವುಡ್‌ಗೆ 8ಡಿ ಅಳತೆಯ ರಿಂಗ್ ಶ್ಯಾಂಕ್ ಮೊಳೆ (ಮೈಮೇಲೆ ಉಂಗುರದ ಗೀರು ಇರೋದು) 6 ಇಂಚಿಗೊಂದು ಹೊಡೆಸಿ. ಹಾಳೆಗಳ ಸಂದಿಗೆಲ್ಲ 4 ಇಂಚಿನ ಅಂಟುಪಟ್ಟಿ, ಅದರ ಮೇಲೆ ಅಂಡರ್‌ಲೇಮೆಂಟ್ (ಶಿಂಗಲ್ ಅಡಿಗೆ ಹಾಸೋ ಹಾಳೆ). ಶಿಂಗಲ್ ಹಾರಿದ್ರೂ ನೀರು ಒಳಗೆ ಇಳಿಯಲ್ಲ. ಆರು ಮೊಳೆಯ ಶಿಂಗಲ್ ಅದಕ್ಕೂ ಮೇಲೆ, ಮೊಳೆ ಶಿಂಗಲ್‌ನಲ್ಲಿ ಗುರುತಿಸಿದ ಗೆರೆಯ ಮೇಲೇ ಬೀಳಬೇಕು. ಮೊಳೆ ಗನ್ನಿನ ಒತ್ತಡ ಜಾಸ್ತಿ ಇಟ್ಟು ತಲೆ ಒಳಗೆ ಹೂತು ಹೋದ್ರೆ ಆರಿದ್ದೂ ಶೂನ್ಯ.

ಮಾವ: ಟಾರ್ ಬಗ್ಗೆ ಅರ್ಧ ನಿಜ ಅಂದ್ರಲ್ಲ, ಅದೇನು?

ಭಾವ: ಬೆರಳಿಂದ ಮೆಲ್ಲಗೆ ಎತ್ತಿದ್ರೆ ಏಳೋ ಶಿಂಗಲ್‌ಗೆ ಮಾತ್ರ, ಅಡಿಯಲ್ಲಿ 25 ಸೆಂಟ್ ನಾಣ್ಯದಷ್ಟು ರೂಫಿಂಗ್ ಸಿಮೆಂಟ್ (ಅದೇ ಟಾರ್ ಅಂಟು) ಮೂರು ಚುಕ್ಕೆ, ಒತ್ತಿ ಬಿಡಿ. ಧಾರಾಳವಾಗಿ ಬಳಿದ್ರೆ ಅದರ ದ್ರಾವಕಕ್ಕೆ ಶಿಂಗಲ್ ಬೊಬ್ಬೆ ಏಳುತ್ತೆ. ಅಂಚು ಪೂರ್ತಿ ಮುಚ್ಚಿದ್ರೆ ಒಳಸೇರಿದ ನೀರಿಗೆ ದಾರಿ ಇಲ್ಲ. ಇನ್ನು ಟಾರ್ಪಾಲ್ ಗಾಳಿ ಮುಗಿದ ಮೇಲಿನ ಮದ್ದು. ಮೊದಲೇ ಹೊಡೆದ್ರೆ ಗಟ್ಟಿ ಮಾಡಿಗೆ ನೂರು ತೂತು, ಮೊದಲ ಬಿರುಸಿಗೇ ಚಿಂದಿ.

ಅಕ್ಕ: ಮಾಡಿನ ನಾಲ್ಕೂ ಬದಿ, ಅಟ್ಟದ ಒಳಗೆ ಫೋಟೋ ಈಗಲೇ ತೆಗೆದಿಡಿ. ವಿಮೆ ಬದಲಾಯಿಸೋದಿದ್ರೂ ಈಗಲೇ. ಬಿರುಗಾಳಿ ಹತ್ತಿರ ಬಂತು ಅಂದ್ರೆ ಕಂಪನಿಗಳು ಹೊಸ ಪಾಲಿಸಿ ನಿಲ್ಲಿಸಿಬಿಡ್ತವೆ.

ನಾನು: ಭಾವ, ಕೈಲಿ ಒಂದೇ ವಾರಾಂತ್ಯ ಇದ್ರೆ ಯಾವುದು ಮೊದಲು?

ಭಾವ: ಸಾಫಿಟ್. ಯಾರೂ ನೋಡಲ್ಲ. ಸೂರಿನ ಅಡಿಯ ಆ ತೆಳು ಹಾಳೆ ಕಿತ್ತು ಹೋದ್ರೆ ಅಡ್ಡಮಳೆ ನೇರ ಅಟ್ಟಕ್ಕೆ, ಇನ್ಸುಲೇಶನ್ ನೆನೆದು ಸೀಲಿಂಗ್ ಕುಸಿಯುತ್ತೆ. ಮಾಡು ಮೇಲೆ ಸರಿಯಾಗೇ ಕೂತಿರುತ್ತೆ! ಅಂಗೈಯಲ್ಲಿ ತಳ್ಳಿ ನೋಡಿ. ಅಲುಗಾಡಿದ್ರೆ ಫೇಸಿಯಾ (ಸೂರಿನ ಅಂಚಿನ ಹಲಗೆ) ಕಡೆ, ಗೋಡೆಯ ಚಾನೆಲ್ (ಹಾಳೆ ಕೂರೋ ಪಟ್ಟಿ) ಕಡೆ ಎರಡೂ ತುದಿ ಸ್ಕ್ರೂ ಮಾಡಿ. ಚಾನೆಲ್ ಗೋಡೆಗೆ ತಾಗೋ ಗೆರೆಗೆ ಪಾಲಿಯುರೆಥೇನ್ ಸೀಲಂಟ್. ಗಾಳಿಯಾಡೋ ತೂತು ಮುಚ್ಚಬೇಡಿ. ಗೇಬಲ್ ವೆಂಟ್‌ಗೆ (ಆ ತ್ರಿಕೋನ ಗೋಡೆಯ ಗಾಳಿಕಿಂಡಿ) ಮಾತ್ರ ಅಳತೆಗೆ ಪ್ಲೈವುಡ್ ಕತ್ತರಿಸಿಟ್ಟು, ವಾರ್ನಿಂಗ್‌ಗೆ ಮುಂಚೆ ಹಾಕಿ, ಆಮೇಲೆ ತೆಗೆದುಬಿಡಿ.

ಮಾವ: ಸ್ಕ್ರೂ ಕಲಾಯಿದು ಸಾಕಲ್ಲ? ಸ್ಟೇನ್‌ಲೆಸ್ ಮೂರು ಪಟ್ಟು ಹೇಳ್ತಾರೆ.

ಭಾವ: ನಿಮ್ಮನೆ ಸಮುದ್ರದಿಂದ ಎಷ್ಟು ದೂರ ಮಾವ?

ಮಾವ: ಬಾಲ್ಕನಿಯಿಂದ ಕಾಣುತ್ತೆ.

ಭಾವ: ಸ್ಟೇನ್‌ಲೆಸ್ಸೇ ತಗೊಳ್ಳಿ.