ಡಂಬಳದ 24 ಮೂಲಿ ನಕ್ಷತ್ರ: ಚೌಕ ನಡುವಿನ ಸುತ್ತ ಹೊಳ್ಳವಲ್ದು

ಪ್ರಶ್ನೆ:
ಗದಗ ಜಿಲ್ಲೆ ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷೆ 24 ಮೂಲಿ ನಕ್ಷತ್ರ. ಪೈಥಾನ್ ಟರ್ಟಲ್‌ದಾಗ (ಹೇಳಿದಂಗ ನಡದು, ಹೊಳ್ಳಿ ಪರದೆ ಮ್ಯಾಲೆ ಗೆರಿ ಎಳಿಯೂ ಪ್ರೋಗ್ರಾಮ್) ಅದನ್ನ ಲೂಪ್ ಹಾಕಿ, ಅಂದ್ರ ಅದೇ ಸೂಚನಾ ಮತ್ತ ಮತ್ತ ಕೊಟ್ಟು, ತಗೀಬೇಕು. ಚೌಕಕ್ಕ 4 ಮೂಲಿ, ಹಂಗಾಗಿ 6 ಚೌಕ. ಪ್ರತಿಯೊಂದೂ 15 ಡಿಗ್ರಿ ಹೊಳ್ಳಬೇಕು. ಹೊರಗಿನ ಲೂಪ್ 6, ಒಳಗಿನದು 4 (ಫಾರ್ವರ್ಡ್ 200, ಲೆಫ್ಟ್ 90), ಆಮ್ಯಾಲೆ ಲೆಫ್ಟ್ 15. ಆದ್ರ ಎಲ್ಲಾ ಚೌಕ ಒಂದ ಮೂಲಿಗೆ ಅಂಟಿ ಬೀಸಣಿಕಿ ಹಂಗ ಹರಡತಾವ. ಲೆಫ್ಟ್ 15 ಒಳಗಿನ ಲೂಪಿಗೆ ಹಾಕಿದ್ರ 24 ಮೂಲಿ ಬರತಾವ, ಆದ್ರ ನಕ್ಷೆಗೆ ಹೊಂದವಲ್ದು.

ಉತ್ತರ:
ಲೆಕ್ಕ ಸರಿ ಐತ್ರಿ, ಟರ್ಟಲ್ ನಿಂತ ಜಾಗ ತಪ್ಪೈತಿ. ಅದು ಚೌಕದ ಮೂಲಿಯಾಗ ಶುರು ಮಾಡಿ ಅಲ್ಲೇ ಮುಗಸತೈತಿ, 15 ಡಿಗ್ರಿನೂ ಅಲ್ಲೇ ಹೊಳ್ಳತೈತಿ. ನಟ್ಟನಡುವಿನಿಂದ ಗೆರಿ ಬೀಳದಂಗ (ಪೆನ್‌ಅಪ್) ಮೂಲಿಗೆ ಹೋಗಿ, ಚೌಕ ತಗದು, ವಾಪಸ್ ಬರಬೇಕು. ಆ ದೂರ ಕರ್ಣದ ಅರ್ಧ. ಬಾಜು 200 ಇದ್ರ 141.4.

6 ಸಲ:
    ಪೆನ್‌ಅಪ್, ಫಾರ್ವರ್ಡ್ 141.4, ಲೆಫ್ಟ್ 135, ಪೆನ್‌ಡೌನ್
    4 ಸಲ:
        ಫಾರ್ವರ್ಡ್ 200, ಲೆಫ್ಟ್ 90
    ಪೆನ್‌ಅಪ್, ರೈಟ್ 135, ಬ್ಯಾಕ್ 141.4, ಲೆಫ್ಟ್ 15

ಚೌಕ ಮುಗಿದಾಗ ಒಟ್ಟು 360 ಹೊಳ್ಳಿ ಮುಖ ಮೊದಲಿನ ದಿಕ್ಕಿಗೇ ಇರತೈತಿ. ಅದಕ್ಕ ರೈಟ್ 135 ಹಾಕಿದ್ರ ಬ್ಯಾಕ್ ಸೀದಾ ನಡುವಿಗೆ ತರತೈತಿ. ಅದನ್ನ ಮರತ್ರ ಎರಡನೇ ಚೌಕದಿಂದ ಎಲ್ಲಾ ಜಾಗ ಬಿಡತಾವ.

ನಿಮ್ಮ ಎರಡನೇ ಪ್ರಯತ್ನ ಚಲೋ ಐತಿ, ಬಿಡಬ್ಯಾಡ್ರಿ. ಅಲ್ಲಿ ಪ್ರತಿ ಸಲ 105 ಹೊಳ್ಳತೈತಿ. 24 ಸಲಕ್ಕ 2520, ಅಂದ್ರ ಸರಿಯಾಗಿ 7 ಸುತ್ತು. ಅದಕ್ಕ ನಕ್ಷತ್ರ ಮುಚ್ಚಿಕೊಳ್ಳತೈತಿ. ಆದ್ರ ಮೂಲಿ 180 ಕಳಿ 105, ಅಂದ್ರ 75 ಡಿಗ್ರಿ. ಚೌಕದ ಮೂಲಿ 90 ಇರಬೇಕು.

ಪ್ರಶ್ನೆ:
ಬಂತ್ರೀ! ಆದ್ರ ಒಳಗ ಗೆರಿ ಭಾಳ ಹಾಯತಾವ. ಗ್ವಾಡಿ ಅಂಚಷ್ಟ ಬೇಕಿತ್ತು.

ಉತ್ತರ:
ಅದಕ್ಕ ಒಂದ ಲೂಪ್ ಸಾಕು.

24 ಸಲ:
    ಫಾರ್ವರ್ಡ್ 23.3, ಲೆಫ್ಟ್ 90, ಫಾರ್ವರ್ಡ್ 23.3, ರೈಟ್ 75

ಹೊರಮೂಲಿಗೆ ಎಡಕ್ಕ 90, ಒಳಮೂಲಿಗೆ ಬಲಕ್ಕ 75. ಉಳಿಯೂದು 15, 24 ಸಲಕ್ಕ 360. 23.3 ಅಂದ್ರ ಪಕ್ಕದ ಎರಡು ಚೌಕದ ಬಾಜು ಹಾಯೂ ತಾಣದಿಂದ ಮೂಲಿ ತನಕದ ದೂರ. ಚೌಕದ ಬಾಜು ಬದಲಿಸಿದ್ರ ಅದೇ ಪ್ರಮಾಣದಾಗ ಇದನ್ನೂ ಬದಲಿಸ್ರಿ: 100 ಕ್ಕ 11.6. ರೈಟ್ 75 ಬದಲಿ 90 ಬಿದ್ರ ಉಳಿಕೆ ಸೊನ್ನೆ, ಆಗ ನಕ್ಷತ್ರ ಅಲ್ಲ, ಪರದೆ ದಾಟಿ ಹೋಗೂ ಮೆಟ್ಟಲ ಬರತಾವ.