ಬ್ರೈನ್‌ಸ್ಟಾರ್ಮಿಂಗ್‌ಗೆ ಕೂತರೆ ಇಬ್ಬರದೇ ಮಾತು, ಬೇರೆ ದಾರಿ ಏನಿದೆ?

ಅರೆಗಳಿಗೆ:
ಆರು ಜನರ ತಂಡ, ಕೈಯಲ್ಲಿರೋದು ಒಂದು ಗಂಟೆ. ಸಮಸ್ಯೆ ಇಷ್ಟು: ಜನ ಅರ್ಜಿ ನಮೂನೆಯನ್ನು ಅರ್ಧಂಬರ್ಧ ತುಂಬಿ ಕಳಿಸ್ತಾರೆ. "ಐಡಿಯಾ ಹೇಳಿ" ಅಂದರೆ ಇಬ್ಬರು ಮಾತಾಡ್ತಾರೆ, ನಾಲ್ವರು ತಲೆ ಅಲ್ಲಾಡಿಸ್ತಾರೆ. ಬರೋದೆಲ್ಲ "ಸೂಚನೆ ದೊಡ್ಡದಾಗಿ ಹಾಕೋಣ" ಅನ್ನೋದರ ಮರಿಗಳೇ. ಮಾತಿನ ಬದಲು ಕಾಗದದ ಮೇಲೆ ಮಾಡೋ ಪದ್ಧತಿ ಇದ್ದರೆ ಬಿಡಿಸಿ ಹೇಳ್ತೀರಾ?

ಮಸಿಕುಡಿಕೆ:
ಆ ನಾಲ್ವರನ್ನು ದೂರಬೇಡಿ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಜಾರಿಹೋಗುತ್ತೆ. 1958ರ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲೇ, ಒಟ್ಟಿಗೆ ಕೂತ ನಾಲ್ವರಿಗಿಂತ ಬೇರೆ ಬೇರೆ ಕೂತ ನಾಲ್ವರಿಂದ ಹೆಚ್ಚು ಐಡಿಯಾ ಬಂದಿದ್ದವು. 1987ರಲ್ಲಿ ಮನಶ್ಶಾಸ್ತ್ರಜ್ಞರಾದ ಡೀಲ್ ಮತ್ತು ಸ್ಟ್ರೋಬೆ ಕಾರಣ ಕೆದಕಿದಾಗ ಮುಖ್ಯವಾಗಿ ಸಿಕ್ಕಿದ್ದೂ ಈ ಸರದಿ ಕಾಯೋದೇ.

ಆರು ಜನಕ್ಕೆ 6-3-5 ಪದ್ಧತಿ (6 ಜನ, 3 ಐಡಿಯಾ, 5 ನಿಮಿಷ) ಅಳತೆ ತೆಗೆದು ಹೊಲಿಸಿದ ಹಾಗಿದೆ. ಒಬ್ಬೊಬ್ಬರಿಗೆ ಒಂದು ಹಾಳೆ. ನೆತ್ತಿಯಲ್ಲಿ ಪ್ರಶ್ನೆ, ಕೆಳಗೆ 3 ಕಂಬಸಾಲು, 6 ಅಡ್ಡಸಾಲು. 5 ನಿಮಿಷದಲ್ಲಿ ಮೊದಲ ಸಾಲಿಗೆ 3 ಐಡಿಯಾ ಬರೆದು ಹಾಳೆಯನ್ನು ಬಲಗಡೆಯವರಿಗೆ ದಾಟಿಸಬೇಕು. ಅವರು ಮೇಲಿನದ್ದನ್ನು ಓದಿ, ಬೆಳೆಸಿಯೋ ತಿರುಚಿಯೋ ಇನ್ನು 3 ಬರೀತಾರೆ. ಆರು ಸುತ್ತು, 30 ನಿಮಿಷ, 108 ಐಡಿಯಾ. ಮಾತು ಪೂರ್ತಿ ಬಂದ್.

ಕೆಡೋದು ಎಲ್ಲಿ ಅಂದರೆ, "ಆ್ಯಪ್", "ತರಬೇತಿ" ಅಂತ ಒಂದೇ ಪದ ಗೀಚಿಬಿಡ್ತಾರೆ. ಮುಂದಿನವರು ಅದನ್ನು ಹಿಡಿದು ಏನು ಬೆಳೆಸಬೇಕು? ಯಾರು, ಏನು, ಯಾವಾಗ ಮಾಡ್ತಾರೆ ಅನ್ನೋ ಪೂರ್ಣ ವಾಕ್ಯ ಕಡ್ಡಾಯ ಮಾಡಿ. ಕೊನೆಯ ಸುತ್ತಿನಲ್ಲಿ ಓದೋದೇ 15 ಇರುತ್ತೆ, ಹಾಗಾಗಿ ಮೊದಲೆರಡು ಸುತ್ತಿಗೆ 4 ನಿಮಿಷ, ಕೊನೆಯೆರಡಕ್ಕೆ 6 ಇಡಿ. ಒಟ್ಟು ಹೊತ್ತು ಅಷ್ಟೇ ಆಗುತ್ತೆ.

ಉಲ್ಟಾಪಲ್ಟ:
ಒಂದು ತಕರಾರು. ಪ್ರಶ್ನೆಯೇ ಹಳಸಿದ್ದರೆ 108ರಲ್ಲಿ ಮುಕ್ಕಾಲು ಪಾಲು ಮತ್ತೆ "ಸೂಚನೆ ದೊಡ್ಡದು" ಅಂತಲೇ ಬರುತ್ತೆ. ಮೊದಲ 10 ನಿಮಿಷ ಹೀಗೆ ಕೇಳಿ: "ಯಾರೂ ನಮೂನೆಯನ್ನು ಪೂರ್ತಿ ತುಂಬದಂತೆ ಮಾಡೋದು ಹೇಗೆ?" ಒಂದೇ ಮಾಹಿತಿ ಮೂರು ಕಡೆ ಕೇಳು, ಕೈಯಲ್ಲಿಲ್ಲದ ದಾಖಲೆಯ ಸಂಖ್ಯೆ ನಡುವೆ ಕೇಳು, ಯಾವುದು ಕಡ್ಡಾಯ ಅಂತ ಬಾಯಿ ಬಿಡಬೇಡ... ಕೆಡಿಸೋ ದಾರಿ ಹೇಳೋಕೆ ಯಾರಿಗೂ ಸಂಕೋಚ ಇರಲ್ಲ! ಆಮೇಲೆ ಈಗಾಗಲೇ ನಡೀತಿರೋದಕ್ಕೆಲ್ಲ ಗುರುತು ಹಾಕಿ, ಹೆಚ್ಚು ಕಾಟ ಕೊಡೋ ಒಂದನ್ನು ಪ್ರಶ್ನೆಯಾಗಿ ಬರೆಯಿರಿ: "ದಾಖಲೆ ಕೈಯಲ್ಲಿಲ್ಲದವರು ಅಲ್ಲೇ ನಿಲ್ಲದೆ ಮುಂದೆ ಸಾಗೋದು ಹೇಗೆ?" ಹಾಳೆಯ ನೆತ್ತಿಗೆ ಹೋಗಬೇಕಾದ್ದು ಇದು. ಪಟ್ಟಿಯ ಪ್ರತಿ ಸಾಲನ್ನೂ ತಿರುಗಿಸಿ ಬರೆದು ಕೈತೊಳೆದುಕೊಂಡರೆ ಮೊದಲೇ ಗೊತ್ತಿದ್ದದ್ದೇ ಕೈಗೆ ಬರುತ್ತೆ.

ಅರೆಗಳಿಗೆ:
ಅಲ್ಲಿಗೆ 40 ನಿಮಿಷ ಆಯ್ತು. ಉಳಿದ 20ರಲ್ಲಿ 108ನ್ನು ಸೋಸೋದು ಹೇಗೆ? ಒಬ್ಬರೇ ಕೂತು ಯೋಚಿಸೋದಾದರೆ?

ಜರಡಿ:
ಹಾಳೆಗಳನ್ನು ಕತ್ತರಿಸಿ, ಚೀಟಿಗೊಂದು ಐಡಿಯಾ. ಮೇಜಿನ ಮೇಲೆ ಹರಡಿ, ಮಾತಾಡದೆ ಹತ್ತಿರದವನ್ನು ಗುಂಪು ಮಾಡಿ, 10 ನಿಮಿಷ. ಗುಂಪಿಗೆ ಹೆಸರು ಕೊನೆಗೆ. ಮೊದಲೇ ಹೆಸರಿಟ್ಟರೆ ವಿಚಿತ್ರವಾದದ್ದನ್ನೂ ಯಾವುದೋ ಒಂದಕ್ಕೆ ತುರುಕಿ ಕೊಲ್ತಾರೆ. ಜಪಾನಿನ ಮಾನವಶಾಸ್ತ್ರಜ್ಞ ಜಿರೋ ಕವಾಕಿಟಾರ ಕೆಜೆ ಪದ್ಧತಿಯ (ಅವರ ಹೆಸರಿನ ಮೊದಲಕ್ಷರಗಳೇ ಕೆಜೆ) ಜೀವಾಳ ಇದೇ. ಒಂಟಿ ಚೀಟಿಗಳನ್ನು "ಇತರೆ" ಅಂತ ರಾಶಿ ಹಾಕಬೇಡಿ, ಒಂಟಿಯಾಗೇ ಇರಲಿ. ಆಮೇಲೆ ತಲಾ 4 ಮತ. ಮೊದಲು ಗುಟ್ಟಾಗಿ ಬರೆದುಕೊಂಡು ಎಲ್ಲರೂ ಒಟ್ಟಿಗೆ ಚುಕ್ಕೆ ಹಾಕಿ, ಇಲ್ಲದಿದ್ದರೆ ಮೇಲಧಿಕಾರಿಯ ಚುಕ್ಕೆಯ ಸುತ್ತಲೇ ಉಳಿದವೂ ಮುತ್ತುತ್ತವೆ.

ಒಬ್ಬರೇ ಆದರೆ ಖಗೋಳ ವಿಜ್ಞಾನಿ ಫ್ರಿಟ್ಸ್ ಝ್ವಿಕಿ ಬಳಸಿದ ಕೋಷ್ಟಕ ನೋಡಿ. ತುಂಬೋರು ಯಾರು, ಯಾವ ಮೂಲಕ, ಎಷ್ಟು ಕಂತಿನಲ್ಲಿ, ತಪ್ಪು ಗೊತ್ತಾಗೋದು ಯಾವಾಗ: ನಾಲ್ಕು ಅಂಶ, ತಲಾ 4 ಆಯ್ಕೆ, 256 ಜೋಡಣೆ. ಎಲ್ಲ ನೋಡೋಕೆ ಹೋಗಬೇಡಿ. ಚೀಟಿ ಎತ್ತಿ ಐದಾರನ್ನು ಆರಿಸಿ. "ಸಿಬ್ಬಂದಿ, ಫೋನಿನಲ್ಲಿ, ಎರಡು ಕಂತು, ಉತ್ತರ ಕೊಟ್ಟ ತಕ್ಷಣ ತಪಾಸಣೆ" ಬಂದರೆ ಅದನ್ನು ನಡೆಸೋದು ಹೇಗೆ ಅಂತ 10 ನಿಮಿಷ ಬರೆಯಿರಿ. ಅಂಶಗಳು ಒಂದರ ಮೇಲೊಂದು ಅವಲಂಬಿಸಿದ್ದರೆ ಮಾತ್ರ ಕೋಷ್ಟಕ ಕುಸಿಯುತ್ತೆ.

ಮಸಿಕುಡಿಕೆ:
ಕತ್ತರಿ ಹಾಕೋ ಮುಂಚೆ ಪ್ರತಿ ಚೌಕದಲ್ಲೂ ಹಾಳೆ ಮತ್ತು ಸಾಲಿನ ಸಂಖ್ಯೆ ಹಾಕಿ, ಯಾವುದರಿಂದ ಯಾವುದು ಹುಟ್ಟಿತು ಅಂತ ಆಮೇಲೂ ಹುಡುಕಬಹುದು. ಐದೇ ಜನ ಬಂದರೆ ಐದು ಸುತ್ತು, 75 ಐಡಿಯಾ.